ಮನೆ ಮುಂದಿನ ಸ್ಪೀಕರ್

ಇಪ್ಪತ್ತೆರಡು ವರ್ಷದಿಂದ ಸಭೆಗಳಿಗೆ ಮೈಕ್ ಕಟ್ಟುತ್ತಾ ಬಂದವನನ್ನು ಎಲ್ಲರೂ ಮೈಕಣ್ಣ ಅಂತಲೇ ಕರೆಯುತ್ತಿದ್ದರು. ಯಾರ ಮಾತಾದರೂ ಸರಿ, ಕೊನೆಯ ಸಾಲಿನವರೆಗೆ ಮುಟ್ಟಿಸುವುದಷ್ಟೇ ತನ್ನ ಕೆಲಸ ಅನ್ನುತ್ತಿದ್ದ. ಭೂಕಂಪದಲ್ಲಿ ಕೆಲಸಕ್ಕಿದ್ದ ಆಫೀಸು ಕುಸಿದು ಅವನ ಮಗಳು ಸತ್ತು ತಿಂಗಳಾಗಿತ್ತು. ಹೆಂಡತಿ ಅಂದಿನಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಭೂಕಂಪದಲ್ಲಿ ಸತ್ತವರಿಗಾಗಿ ಊರಲ್ಲಿ ಮಠದ ಗುರುಗಳ ಸಭೆ ಇತ್ತು. ಅವರ ಸಮಾಧಾನದ ನಾಲ್ಕು ಮಾತು ಅವಳ ಕಿವಿಗೂ ಬೀಳಲಿ ಅಂತ, ಯಾರೂ ಹೇಳದಿದ್ದರೂ, ಒಂದು ಸ್ಪೀಕರನ್ನು ತನ್ನ ಮನೆ ಮುಂದಿನ ಕಂಬಕ್ಕೇ ಬಿಗಿದ.

ಗುರುಗಳು ಗಂಟಲು ಸರಿಮಾಡಿಕೊಂಡರು. "ಹೆಣ್ಣುಮಕ್ಕಳು ಹೊಸಿಲು ದಾಟಿ ದುಡಿಯೋಕೆ ಹೊರಟರು, ಮನಸ್ಸಿಗೆ ಬಂದವರನ್ನ ಮದುವೆಯಾದರು. ಭೂಮಿ ಎಷ್ಟು ಅಂತ ತಡ್ಕೊಳ್ಳುತ್ತೆ?" ಜನ ತಲೆದೂಗಿದರು.

ಮೈಕಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಭೂಮಿಗೆ ಬೇರೆ ಕೆಲಸ ಇರಲಿಲ್ವಾ, ನನ್ನ ಮಗಳು ಬಸ್ಸು ಹತ್ತೋದನ್ನೇ ಕಾಯ್ತಾ ಕೂತಿತ್ತಾ? ಮನೆ ಕಡೆಯ ವೈರು ಕಿತ್ತೆಸೆದು ಮನೆಗೆ ಓಡಿದ.

ಹೆಂಡತಿ ಎದ್ದು ಕಿಟಕಿಯ ಹತ್ತಿರ ನಿಂತಿದ್ದಳು. ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟಳು.

"ಯಾಕೆ ನಿಲ್ಲಿಸಿದ್ರಿ? ಸರಿಯಾಗೇ ಹೇಳ್ತಿದ್ರು. ಅವಳನ್ನ ಕೆಲಸಕ್ಕೆ ಕಳಿಸಿದ್ದು ನೀವೇ ತಾನೆ?"