ತೂಕದ ಶೀಟಿನ ಖಾಲಿ ಜಾಗ

ಕೋಲಾರದ ಕಚೇರಿಯಲ್ಲಿ ಸುತ್ತಲಿನ ತಾಲ್ಲೂಕುಗಳ ಅಂಗನವಾಡಿ ಮಕ್ಕಳ ತೂಕವನ್ನೆಲ್ಲ ಒಂದೇ ಶೀಟಿಗೆ ಸೇರಿಸುವುದು ನನ್ನ ಕೆಲಸ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಮಗು ಬರದಿದ್ದರೆ ಮಾಲೂರಿನವರು ಗೆರೆ ಎಳೆದು ಕಳಿಸುತ್ತಿದ್ದರು, ಮುಳಬಾಗಿಲಿನವರು ‘ಊರಲ್ಲಿಲ್ಲ’ ಎಂದು ಬರೆಯುತ್ತಿದ್ದರು. ಅಂಕಿ ಇರಬೇಕಾದಲ್ಲಿ ಅಕ್ಷರ ಕಂಡದ್ದೇ ತಡ, ಕಂಪ್ಯೂಟರು ‘ಇದು ಸಂಖ್ಯೆಯಲ್ಲ’ ಎಂದು ಮುಷ್ಕರ ಹೂಡುತ್ತಿತ್ತು. ಸರಾಸರಿಯ ಸಾಲೆಲ್ಲ ಹಾಳು. ಶ್ರೀನಿವಾಸಪುರ ಕಡೆಯ ಒಬ್ಬ ಟೀಚರ ಶೀಟು ಮಾತ್ರ ಯಾವತ್ತೂ ಭರ್ತಿ. ‘ಅವರನ್ನು ನೋಡಿ ಕಲೀರಿ’ ಎಂದು ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದ್ದೂ ನಾನೇ.

ಅದೇ ಶೀಟಿನಲ್ಲಿ ಎರಡು ವರ್ಷದ ಹೆಣ್ಣುಮಗುವೊಂದರ ತೂಕ ಮೂರು ತಿಂಗಳಿಂದ ಒಂದು ಗ್ರಾಮೂ ಏರಿರಲಿಲ್ಲ. ಬೆಳವಣಿಗೆ ನಿಂತ ಮಕ್ಕಳ ಪಟ್ಟಿಗೆ ಅದರ ಹೆಸರು ಸೇರಿತು, ಮನೆಗೆ ಫೋನೂ ಹೋಯಿತು. ನೋಡಿ ಬರಲು ಮರುದಿನ ನಾನೇ ಹೊರಟೆ.

ರಾಯಲ್ಪಾಡಿನ ಆಚೆಗಿನ ಹಳ್ಳಿ ಅದು. ತಾಯಿ ಅಂಗನವಾಡಿಯ ಬಾಗಿಲಲ್ಲೇ ಕಾಯುತ್ತಿದ್ದಳು. ಆಕೆಯ ಸೊಂಟದಲ್ಲಿ ಆ ಮಗು, ಪಕ್ಕದಲ್ಲಿ ನಿಂತ ಅತ್ತೆಯ ತೋಳಲ್ಲಿ ಹಸುಗೂಸು. ಅತ್ತೂ ಅತ್ತೂ ತಾಯಿಯ ಕಣ್ಣು ಊದಿತ್ತು.

“ಹೆರಿಗೆಗೆ ಅಂತ ಇವಳನ್ನೂ ಕರ್ಕೊಂಡು ಮೂರು ತಿಂಗಳು ತವರಲ್ಲಿದ್ದೆ ಮೇಡಂ. ನಿಮ್ಮಮ್ಮ ಮಗೀಗೆ ಸರ್‍ಯಾಗಿ ಹೊಟ್ಟೆಗೆ ಹಾಕ್ಲಿಲ್ಲ ಅಂತ ಮನೇಲಿ ಬೈತವ್ರೆ. ನಿನ್ನೆಯಿಂದ ಗಂಟಲಲ್ಲಿ ಅನ್ನ ಇಳೀತಿಲ್ಲ.”

ಮಗು ಮೂರು ತಿಂಗಳು ಊರಲ್ಲೇ ಇರಲಿಲ್ಲ! ನಾನು ಟೀಚರ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು.

“ಖಾಲಿ ಹೆಂಗೆ ಕಳ್ಸೋದು ಮೇಡಂ? ಪಕ್ಕದ್ಮನೆ ಬಟ್ಟಲನ್ನೂ ನಾವು ಬರಿದಾಗಿ ವಾಪಸ್ ಕೊಡಲ್ಲ, ಒಂದು ಹಿಡಿ ಏನಾದ್ರೂ ಹಾಕೇ ಕೊಡ್ತೀವಿ. ಅದಕ್ಕೆ ಹಿಂದಿನ ತಿಂಗಳ ತೂಕಾನೇ ಬರೆದ್ಬಿಟ್ಟೆ.”

ಯಾವ ಬಾಯಲ್ಲಿ ಬೈಯಲಿ? ಆ ಶೀಟನ್ನು ಹೊಗಳಿ ಅಟ್ಟಕ್ಕೇರಿಸಿದವಳು ನಾನಲ್ಲವೇ? ಮೂರು ತಿಂಗಳು ಆ ಮಗು ಎಲ್ಲಿದೆ ಎಂದು ನಾನೂ ಕೇಳಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

ಮಗುವನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸಿದೆವು. ಮುಕ್ಕಾಲು ಕಿಲೋ ಏರಿತ್ತು. ತಾಯಿ ಇನ್ನೊಂದು ಸಲ ತೂಗಿಸಿದಳು, ಆಮೇಲೆ ಅಳುತ್ತಲೇ ನಕ್ಕಳು. ಅತ್ತೆ ಮೊಮ್ಮಗಳ ಕೆನ್ನೆ ಹಿಂಡಿ, “ಬಾಗಾ ಪೆರಿಗಿಂದಿ ಕದಾ” ಎಂದು ತೆಲುಗಿನಲ್ಲಿ ಮೆಚ್ಚಿಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿ, “ಚೆನ್ನಾಗೇ ಬೆಳೆದವ್ಳೆ ಕಣೇ. ನಿಮ್ಮಮ್ಮಂಗೆ ಒಂದು ಫೋನ್ ಮಾಡು, ನಾನೂ ಮಾತಾಡ್ತೀನಿ” ಎಂದರು.

ಹೊರಡುವಾಗ ನನ್ನ ಊಟದ ಡಬ್ಬಿ ಭಾರವಾಗಿತ್ತು. ಟೀಚರ್ ಅದರ ತುಂಬ ಮಾವಿನ ಹೋಳು ತುಂಬಿದ್ದರು.

“ಡಬ್ಬಿ ತುಂಬ್ಸಿ, ಬೇಡ ಅನ್ನಲ್ಲ. ಶೀಟಲ್ಲಿ ಮಾತ್ರ ಖಾಲಿ ಇದ್ರೆ ಖಾಲೀನೇ ಬಿಡಿ, ಯಾಕೆ ಅಂತ ಪಕ್ಕದಲ್ಲಿ ಬರೀರಿ” ಎಂದೆ.

ಕಚೇರಿಗೆ ಬಂದು ಎಲ್ಲ ತಾಲ್ಲೂಕುಗಳ ಶೀಟಿಗೂ ಕಾರಣದ ಕಾಲಂ ಸೇರಿಸಿದೆ. ಖಾಲಿ ಜಾಗಗಳನ್ನು ಬಿಟ್ಟು ಸರಾಸರಿ ತೆಗೆಯುವುದನ್ನು ಕಂಪ್ಯೂಟರಿಗೂ ಕಲಿಸಿದೆ. ಅರ್ಧ ದಿನದ ಕೆಲಸವೂ ಆಗಿರಲಿಲ್ಲ ಅದು.

ಮುಂದಿನ ತಿಂಗಳು ಆ ಟೀಚರ ಶೀಟಿನಲ್ಲಿ ಮೊದಲ ಸಲ ಒಂದು ಜಾಗ ಖಾಲಿ ಬಂತು. ಪಕ್ಕದಲ್ಲಿ ಬರೆದಿದ್ದರು: ‘ಮಗು ಬಂದಿಲ್ಲ. ಯಾಕೆಂದು ಗೊತ್ತಿಲ್ಲ. ಇವತ್ತು ಸಂಜೆ ಅವರ ಮನೆಗೆ ಹೋಗಿ ನೋಡ್ತೀನಿ.’