ನೆಲ ತಟ್ಟಿದವನು ಯಾರು

ಗುಂಡ್ಲುಪೇಟೆಯಿಂದ ಸಂಜೆ ಹೊರಡುವ ಬಸ್ಸಿನಲ್ಲಿ ಒಬ್ಬ ಗಂಡಸು ಅಕ್ಕನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದ. ತೆರಕಣಾಂಬಿಯಲ್ಲಿ ಜನ ಇಳಿದು ಜಾಗವಾದರೆ ಅವಳ ಪಕ್ಕಕ್ಕೆ ಬರುತ್ತಿದ್ದ. ಚಾಮರಾಜನಗರದಲ್ಲಿ ಅವಳು ಇಳಿದರೆ ಅವನೂ ಇಳಿದು ನಮ್ಮ ಬೀದಿಯ ತಿರುವಿನ ತನಕ ಹಿಂದೆ ನಡೆಯುತ್ತಿದ್ದ. ಒಂದು ಮಾತೂ ಆಡಿದವನಲ್ಲ. ಕರೆಂಟು ಹೋಗಿದ್ದ ಒಂದು ಸಂಜೆ ಹಿಂದಿನಿಂದ ಅವಳ ವೇಲು ಹಿಡಿದು ಎಳೆದ. ಅಕ್ಕ ಅಂಗಾತ ಬಿದ್ದಳು. ಅವನು ಮೇಲೆ ಬಗ್ಗಿದ. ಅಷ್ಟರಲ್ಲಿ ಯಾರೋ ಸೈಕಲ್ಲಿನಲ್ಲಿ ಬಂದರು, ಅವನು ಹೊರಟುಹೋದ.

"ಓಡ್ಲಿಲ್ಲ ಕಣೆ," ಎಂದಳು ಅಕ್ಕ, ಮನೆಗೆ ಬಂದು ಮೊಣಕೈ ತೊಳೆದುಕೊಳ್ಳುತ್ತ. "ಆರಾಮಾಗಿ ನಡ್ಕೊಂಡೋದ."

ವೇಲು ಎಂದು ಬರೆದೆ. ಆ ಕಾಲಕ್ಕೆ ಅವಳು ಆಫೀಸಿಗೆ ಸೀರೆಯನ್ನೇ ಉಡುತ್ತಿದ್ದಳು ಎನ್ನುತ್ತಾಳೆ ಅವ್ವ. ಹಾಗಾದರೆ ಅವನು ಎಳೆದದ್ದು ಸೆರಗು. ನನ್ನ ನೆನಪು ಅದನ್ನು ಯಾವಾಗ ವೇಲು ಮಾಡಿತು, ಯಾಕೆ ಮಾಡಿತು, ಗೊತ್ತಿಲ್ಲ. ನಾನು ಆಗ ಚೂಡಿದಾರ ಹಾಕಿಕೊಂಡು ಚಾಮರಾಜನಗರದ ಕಾಲೇಜಿಗೆ ಹೋಗುತ್ತಿದ್ದೆ. ಎಳೆಸಿಕೊಂಡವಳ ಜಾಗದಲ್ಲಿ ನನ್ನನ್ನೇ ನಿಲ್ಲಿಸಿಕೊಂಡಿರಬಹುದು. ಹೀಗಾಗಿ ಮುಂದಿನದನ್ನೂ ಓದುವವರು ಸ್ವಲ್ಪ ಅನುಮಾನದಿಂದಲೇ ಓದಲಿ. ನಾನೂ ಅನುಮಾನದಿಂದಲೇ ಬರೆಯುತ್ತಿದ್ದೇನೆ.

ಅಪ್ಪನ ತೀರ್ಮಾನ ಊಟ ಮುಗಿಯುವುದರೊಳಗೆ ಆಯಿತು. "ಕೆಲ್ಸ ಬುಟ್ಬುಡು."

"ನಾನ್ಯಾಕ್ ಬುಡ್ಲಿ? ಬಸ್ಸೇನು ಅವರಪ್ಪಂದಾ?"

"ಯಾರ್ದಾದ್ರೂ ಆಗ್ಲಿ. ಬಿದ್ದೋಳು ನೀನು."

"ಎದ್ದು ಬಂದೋಳೂ ನಾನೇ."

"ಸೈಕಲ್ನೋನು ಬಂದ, ಅದ್ಕೆ ಎದ್ದೆ."

ಅಕ್ಕನದು ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ನಮ್ಮ ಮನೆತನದಲ್ಲಿ ಹೊಲ ಬಿಟ್ಟು ಕುರ್ಚಿಯ ಮೇಲೆ ಕೂತ ಮೊದಲ ಹೆಣ್ಣು ಅವಳು. ಆ ಕುರ್ಚಿ ಹೋದರೆ ಮುಂದೆ ಏನು ಎಂದು ಅವಳಿಗೂ ನನಗೂ ಗೊತ್ತಿತ್ತು: ಉಡಿಗಾಲದ ಕಡೆಯ ಒಂದು ಸಂಬಂಧ ಆಗಲೇ ಕಾದು ಕೂತಿತ್ತು. ಅಕ್ಕ ತಟ್ಟೆ ಬಿಟ್ಟು ಏಳಲಿಲ್ಲ. ಕೈ ಒಣಗುವ ತನಕ ವಾದ ಮಾಡಿದಳು. ಅಪ್ಪ ಕೊನೆಗೆ, ಮಾತಿನಲ್ಲಿ ಸೋತು, ತನಗೆ ಗೊತ್ತಿದ್ದ ಒಂದೇ ನ್ಯಾಯಕ್ಕೆ ಬಂದ. ವಯಸ್ಸಿನಲ್ಲಿ ಉಡಿಗಾಲದ ಗರಡಿಯಲ್ಲಿ ಕುಸ್ತಿ ಆಡಿದವನು ಅವನು.

"ಮೇಲೆ ಬಿದ್ದೋರ್ನ ಬುಡಿಸ್ಕಂಡು ಎದ್ದು ತೋರ್ಸು. ನನ್ ಕಣ್ಮುಂದೆ. ಆವತ್ತು ಓಗು ಕೆಲಸಕ್ಕೆ."

ಉದಾರವಾದ ಮಾತು ಎನಿಸುತ್ತದೆ. ನನಗೆ ಹಾಗೆನಿಸಲಿಲ್ಲ. ಗರಡಿಯೊಳಗೆ ಹೆಂಗಸರು ಕಾಲಿಡುವ ಹಾಗಿಲ್ಲ, ಅಪ್ಪ ತಾನಾಗಿ ಒಂದು ಪಟ್ಟನ್ನೂ ನಮಗೆ ಹೇಳಿಕೊಟ್ಟವನಲ್ಲ. ಕಲಿಯುವ ದಾರಿ ಮುಚ್ಚಿ ಪರೀಕ್ಷೆ ಮಾತ್ರ ತೆರೆದಿಟ್ಟಿದ್ದ. ಅವಳಿಂದ ಆಗುವುದಿಲ್ಲ ಎಂಬ ಭರವಸೆಯಿಂದಲೇ ಒಪ್ಪಿದ್ದ.

ಅಕ್ಕ ಜ್ವರವೆಂದು ರಜೆ ಹಾಕಿದಳು. ಮಾರನೆಯ ಬೆಳಿಗ್ಗೆ ನಾವಿಬ್ಬರೂ ಗುಂಡ್ಲುಪೇಟೆಯ ಬಸ್ಸು ಹತ್ತಿದೆವು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ವಿಡಿಯೊ ಕ್ಯಾಸೆಟ್ ಅಂಗಡಿ ಇದೆ, ಕೇರಳದ ಕಡೆಯಿಂದ ಗಲ್ಫ್ ಕ್ಯಾಸೆಟ್ಟುಗಳು ಬರುತ್ತವೆ, ಹೊಡೆದಾಟ ಕಲಿಸುವ ಕ್ಯಾಸೆಟ್ಟುಗಳೂ ಇವೆ ಎಂದು ಅವಳ ಕಚೇರಿಯಲ್ಲಿ ಯಾರೋ ಹೇಳಿದ್ದರು. ದಾರಿಯುದ್ದಕ್ಕೂ ನಾನು ಬಸ್ಸಿನ ಒಬ್ಬೊಬ್ಬ ಗಂಡಸನ್ನೂ ನೋಡಿ, ಇವನಾ, ಅವನಾ ಎಂದು ಕೇಳುತ್ತಿದ್ದೆ.

"ಹಂಗ್ ದುರುಗುಟ್ಟಬೇಡ ಕಣೆ. ನಮ್ಮನ್ನೇ ಪಿಕ್‌ಪಾಕೆಟ್ ಅಂದ್ಕೊಂಡಾರು."

ಅಂಗಡಿಯವನು ಗಡಿಯಾಚೆಯಿಂದ ಬಂದು ನೆಲೆಸಿದವನು. ಅವನ ಕನ್ನಡದೊಳಗೆ ಮಲಯಾಳ ಆಗಾಗ ತಲೆ ಹಾಕುತ್ತಿತ್ತು. "ಯಾರಿಗೆ ಚೇಚಿ, ತಮ್ಮನಿಗಾ?" ಎಂದ.

"ನಮಗೇ."

"ಫ್ಯಾಮಿಲಿ ಪಿಚ್ಚರ್ ಉಂಟಲ್ಲಾ, ನಲ್ಲ ಪಿಚ್ಚರ್. ಅಳು ಎಲ್ಲಾ ಉಂಟು."

"ಅಳೋದು ಬರ್ತದೆ. ಹೊಡ್ಯೋದು ಕೊಡಿ," ಎಂದಳು ಅಕ್ಕ.

ಅವನು ಕೌಂಟರಿನ ಕೆಳಗಿನ ರಟ್ಟಿನ ಡಬ್ಬದಿಂದ ಮೂರು ಕ್ಯಾಸೆಟ್ ತೆಗೆದ. ಮೂರರ ಬೆನ್ನ ಮೇಲೂ ಮಲಯಾಳದಲ್ಲಿ ಒಂದೇ ಪದ ಬರೆದಿತ್ತು, ಕರಾಟೆ ಅಂತೆ. ಮೂರನೆಯದರ ಮೇಲೆ ಹರಿದ ಇಂಗ್ಲಿಷ್ ಚೀಟಿಯೊಂದು ಅಂಟಿತ್ತು, ಅದರಲ್ಲಿ ಉಳಿದದ್ದು 'ವೈಟ್ ಬೆಲ್ಟ್' ಎಂಬುದಷ್ಟೇ. "ಇದನ್ನು ಯಾರೂ ಕೇಳುವುದಿಲ್ಲ," ಎಂದ. "ಇದರಲ್ಲಿ ಫೈಟೇ ಇಲ್ಲ. ಬರೀ ಮಲಗುವುದು." ಹಾಗೆಂದವನೇ ಬಾಯಿ ಮುಚ್ಚಿ, ನಮ್ಮಿಬ್ಬರನ್ನೂ ಸರದಿಯಂತೆ ನೋಡಿದ. ನಾವು ಅವನನ್ನು ನೋಡಿದೆವು. ಯಾರು ಯಾರನ್ನು ಹೆಚ್ಚು ಅನುಮಾನಿಸಿದೆವೋ ಹೇಳಲಾರೆ. ಮೂರನ್ನೂ ಬಾಡಿಗೆಗೆ ತಂದೆವು.

ಚಿಕ್ಕಪ್ಪ ತನ್ನ ಮದುವೆಯ ವಿಡಿಯೊ ನೋಡಲೆಂದು ಕೊಂಡಿದ್ದ ವಿಸಿಪಿ ನಮ್ಮ ಮನೆಯಲ್ಲೇ ಉಳಿದಿತ್ತು. ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು.

ಮೊದಲನೆಯ ಕ್ಯಾಸೆಟ್ಟಿನಲ್ಲಿ ಮಿರುಗುವ ಅಂಗಿಯ ಒಬ್ಬನು ಹೆಂಚು ಒಡೆಯುತ್ತಿದ್ದ. ಹೆಂಚು ತಿರುಗಿಸಿ ಹೊಡೆಯುವುದಿಲ್ಲ, ಅವನ ಶೌರ್ಯ ನನಗೆ ನಾಟಲಿಲ್ಲ. ಎರಡನೆಯದರಲ್ಲಿ ಮಿಲಿಟರಿ ಪ್ಯಾಂಟಿನವನೊಬ್ಬ ಚಾಕು ಹಿಡಿದು ಬಂದವರನ್ನೆಲ್ಲ ಕೆಡವುತ್ತಿದ್ದ. ಅದನ್ನು ಹಿಂದಕ್ಕೆ ಓಡಿಸಿ ನೋಡಿದೆ. ಇವನ ಕೈ ಮುಟ್ಟುವ ಮೊದಲೇ ಅವರು ಬೀಳಲು ಶುರುಮಾಡಿರುತ್ತಿದ್ದರು. ಮೂರನೆಯದರಲ್ಲಿ ಸಂಗೀತವಿಲ್ಲ, ಕಿರುಚಾಟವಿಲ್ಲ. ದಪ್ಪ ಬಿಳಿ ಕೋಟು ತೊಟ್ಟು ನಡುವಿಗೆ ಪಟ್ಟಿ ಕಟ್ಟಿದ ಇಬ್ಬರು ನೆಲದ ಮೇಲೆ ಒಬ್ಬರ ಮೇಲೊಬ್ಬರು. ಕೆಳಗಿನವನು ಸೊಂಟವನ್ನು ಪಕ್ಕಕ್ಕೆ ಸರಿಸುತ್ತಾನೆ, ಮತ್ತೆ ಸರಿಸುತ್ತಾನೆ, ಕಾಲುಗಳನ್ನು ಮೇಲಿನವನ ನಡುವಿಗೆ ಸುತ್ತುತ್ತಾನೆ. ಒಮ್ಮೆ ಅವನ ಹಿಡಿತ ಜಾರಿತು, ನಕ್ಕು ಮೊದಲಿನಿಂದ ಮಾಡಿದ. ಅದನ್ನು ಯಾರೂ ಕತ್ತರಿಸಿರಲಿಲ್ಲ. ಜಾರಿದ್ದನ್ನು ಮುಚ್ಚಿಡದವನು ಮಿಕ್ಕದ್ದರಲ್ಲೂ ಮೋಸ ಮಾಡಲಾರ ಎಂದುಕೊಂಡೆ. ನಡುನಡುವೆ, ಆ ಪಾಠದ ಕೆಳಗಿನಿಂದ ಹಳೆಯ ರೆಕಾರ್ಡಿಂಗ್ ಎದ್ದು, ಯಾವುದೋ ಮದುವಣಗಿತ್ತಿಯೊಬ್ಬಳು ತಲೆ ಬಗ್ಗಿಸಿ ನಿಂತದ್ದು ಕ್ಷಣಕಾಲ ಕಾಣಿಸುತ್ತಿತ್ತು. ಅಕ್ಕ ಆಗೆಲ್ಲ ಮುಖ ತಿರುಗಿಸುತ್ತಿದ್ದಳು.

ಅದು ಬ್ರೆಜಿಲಿನ ಜಿಯು-ಜಿತ್ಸು, ಬಿಳಿ ಪಟ್ಟಿಯವರಿಗೆ ಕಲಿಸುವ ಮೂಲಪಾಠ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ನಮಗೆ ಅದು 'ಮಲಗೋ ಕ್ಯಾಸೆಟ್'.

ಅಪ್ಪ ಹೊಲದಿಂದ ಬಂದು ಬಾಗಿಲಲ್ಲೇ ನಿಂತು ನೋಡಿದ. ಗರಡಿಯ ಕಣ್ಣು ನೇರವಾಗಿ ಬೆನ್ನಿಗೆ ಹೋಗುತ್ತದೆ. ಬೆನ್ನು ಮಣ್ಣಿಗೆ ಹತ್ತಿತೋ, ಅದು ಚಿತ್, ಆಟ ಅಲ್ಲಿಗೆ ಮುಗಿಯಿತು. ಮೇಲಿದ್ದವನು ಆ ಕ್ಷಣವೇ ಹಿಡಿತ ಬಿಟ್ಟು ಎದ್ದು ತೊಡೆ ತಟ್ಟುತ್ತಾನೆ.

"ಕೆಳಗಿರೋನು ಸೋತು ಎಷ್ಟೊತ್ತಾಯ್ತು. ಇನ್ನೂ ಯಾಕ್ ಒದ್ದಾಡ್ತಾವ್ನೆ? ನಾಚ್ಕೆ ಇಲ್ಲದೋನು," ಎಂದ. ಅಷ್ಟರಲ್ಲಿ ಮೇಲಿದ್ದವನು ಅಂಗೈಯಿಂದ ಪಟಪಟನೆ ನೆಲ ತಟ್ಟಿದ. "ನೋಡು, ಗೆದ್ದೋನು ತಟ್ಟುದ! ತೊಡೆ ತಟ್ಟಾದ್ ಬುಟ್ಟು ನೆಲ ತಟ್ತಾವ್ನೆ. ಅವ್ರೂರಲ್ಲಿ ಅಂಗೇ ಏನೋ. ಕಲಿಯಂಗಿದ್ರೆ ಮೇಲಿರೋನ್ನ ನೋಡಿ ಕಲೀರಮ್ಮಿ."

ನಮಗೂ ಹಾಗೆಯೇ ಕಂಡಿತ್ತು. ಪೈಲ್ವಾನನ ಮಕ್ಕಳು, ಬೇರೆ ಹೇಗೆ ಕಾಣಬೇಕು? ಎಷ್ಟೋ ದಿನ ನಾವು ಮೇಲಿನವನನ್ನೇ ಗುರುವೆಂದು ನಂಬಿ ಅಭ್ಯಾಸ ಮಾಡಿದೆವು. ಕಾಲುಗಳ ನಡುವೆ ಮೊಣಕಾಲೂರುವುದು, ಮುಂದಕ್ಕೆ ಬಾಗುವುದು, ಕುತ್ತಿಗೆ ಕೊಡುವುದು. ಕೊನೆಗೆ ಗೆದ್ದವರ ಹಾಗೆ ನೆಲ ತಟ್ಟುವುದು. ಅದನ್ನಂತೂ ಬಹಳ ಚೆನ್ನಾಗಿ ಕಲಿತೆವು.

"ಜೋರಾಗಿ ತಟ್ಟಮ್ಮಿ, ಬೀದಿಗೆ ಕೇಳ್ಬೇಕು," ಎನ್ನುತ್ತಿದ್ದ ಅಪ್ಪ.

"ಚಾಪೆ ಅರ್ದೋಯ್ತದೆ, ಮೆಲ್ಲುಕೆ ಗೆಲ್ರೇ," ಎನ್ನುತ್ತಿದ್ದಳು ಅವ್ವ.

ತಪ್ಪು ಕಂಡುಹಿಡಿದವರು ಯಾರು ಎಂಬ ಬಗ್ಗೆ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ನಾನೇ ಎಂದು ನನ್ನ ನೆನಪು. ತನಗೆ ಮೊದಲೇ ಗೊತ್ತಿತ್ತು ಎಂದು ಅಕ್ಕ. ಅವ್ವ, ಅಕ್ಕಿ ಆರಿಸುತ್ತ ಕೂತಿದ್ದವಳು, ತಾನೇ ಮೊದಲು ಬಾಯಿಬಿಟ್ಟದ್ದು ಎನ್ನುತ್ತಾಳೆ: "ಕೆಳಗಿರೋನೇ ಒಂದೇ ಸಮ ವಟಗುಟ್ತಾನೆ. ಸೋತೋನ್ಗೆ ಯಾಕಷ್ಟು ಮಾತು?" ಗರಡಿಯಲ್ಲಿ ಚಿತ್ ಆದವನು ತುಟಿ ಬಿಚ್ಚುವುದಿಲ್ಲ. ಇಲ್ಲಿ ಕೆಳಗಿನವನೇ ಕೈ ತೋರಿಸಿ ವಿವರಿಸುತ್ತಿದ್ದ, ಮೇಲಿನವನು ಕತ್ತು ಉಜ್ಜಿಕೊಳ್ಳುತ್ತಿದ್ದ. ಚಿತ್ರವನ್ನು ನಿಲ್ಲಿಸಿದೆವು. ಅಡ್ಡಗೆರೆಗಳ ನಡುವೆ ಮೇಲಿನವನ ಮುಖ ಕಾಣಿಸಿತು. ಕಣ್ಣು ಹೊರಗೆ ಬಂದಿತ್ತು. ಅವನ ಕೋಟಿನ ಕಾಲರಿನೊಳಗೆ ಕೆಳಗಿನವನ ಎರಡೂ ಕೈ ಅಡ್ಡಡ್ಡ ಹೋಗಿದ್ದವು.

ನೆಲ ತಟ್ಟುವುದು ಗೆಲುವಲ್ಲ. ಬಿಡು, ಸಾಕು ಎಂದು ಕೇಳಿಕೊಳ್ಳುವುದು.

ಇಬ್ಬರೂ ನಗಲಿಲ್ಲ. ಅಷ್ಟು ದಿನ ನಾವು ಬಹಳ ಶ್ರದ್ಧೆಯಿಂದ ಸೋಲುವುದನ್ನು ಕಲಿತಿದ್ದೆವು.

"ಅಪ್ಪಂಗೆ ಹೇಳನ," ಎಂದೆ.

"ಬ್ಯಾಡ," ಎಂದಳು ಅಕ್ಕ. "ಕೆಳಗೆ ಮಲಗೋದು ಕಲಿತೀವಿ ಅಂದ್ರೆ ಕ್ಯಾಸೆಟ್ಟೂ ವಾಪಸ್ಸು, ಪರೀಕ್ಷೆನೂ ವಾಪಸ್ಸು. ಅವರು ಮೇಲಿರೋನ್ನೇ ನೋಡ್ಕೊಂಡಿರ್ಲಿ."

ಅಪ್ಪ ಹೊಲಕ್ಕೆ ಹೋದ ಹೊತ್ತಿನಲ್ಲಿ ಕೆಳಗಿನವನ ಪಾಠ ಮೊದಲಾಯಿತು. ನಾನು ಅಕ್ಕನಿಗಿಂತ ದಪ್ಪ, ಹಾಗಾಗಿ ಆ ಗಂಡಸು ನಾನೇ. ಅಪ್ಪನ ಹಳೆಯ ಖಾಕಿ ಕೋಟನ್ನು ತೊಟ್ಟುಕೊಳ್ಳುತ್ತಿದ್ದೆ. "ಅವನೂ ಶರ್ಟ್ ಹಾಕ್ತಾನೆ. ಕಾಲರ್ ಇದ್ದೇ ಇರ್ತದೆ," ಎನ್ನುತ್ತಿದ್ದಳು ಅಕ್ಕ. ಅವನ ಮುಖ ಹೇಗಿದೆ ಎಂದು ಕೇಳಿದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ. ಕಾಲರ್ ಮಾತ್ರ ನೆನಪಿತ್ತು, ನೀಲಿಗೆರೆಯದು, ಅಂಚು ಸವೆದದ್ದು.

ಅಪ್ಪನೇ ಒಂದು ಭಾನುವಾರ ಗೊತ್ತುಮಾಡಿದ. ಚಾಪೆಯ ಮೇಲೆ ಜಮಖಾನ ಹಾಸಿದ. ನಾನು ಕೋಟು ತೊಟ್ಟು, ಕೊರಳ ಲಿಂಗದ ಕರಡಿಗೆಯನ್ನು ಬೆನ್ನಿಗೆ ತಿರುಗಿಸಿಕೊಂಡೆ. ಅವ್ವ ಬೀದಿ ಬಾಗಿಲು ಹಾಕಿದಳು, ನೋಡಿದವರು ಏನೆಂದುಕೊಂಡಾರು ಎಂದು.

ನಾನು ಅಕ್ಕನನ್ನು ನೂಕಿದೆ. ಅವಳು ತಡೆಯಲೇ ಇಲ್ಲ, ತಾನಾಗಿಯೇ ಅಂಗಾತ ಮಲಗಿದಳು.

"ಚಿತ್!" ಎಂದ ಅಪ್ಪ. ದನಿಯಲ್ಲಿ ಬೇಸರವಿತ್ತೋ ನೆಮ್ಮದಿಯಿತ್ತೋ, ನಾನು ಎರಡನ್ನೂ ಕೇಳಿದ ಹಾಗಿದೆ. "ಮುಗೀತು. ಬುಡಮ್ಮಿ ಅವಳ್ನ, ಎದ್ದೇಳು."

ಏಳಲಾಗಲಿಲ್ಲ. ಅಕ್ಕನ ಕಾಲುಗಳು ನನ್ನ ನಡುವಿಗೆ ಬಿಗಿದಿದ್ದವು, ಒಂದು ಕೈ ಕಾಲರಿನೊಳಗೆ ಕಿವಿಯ ಹಿಂದಕ್ಕೆ ಹೋಗಿತ್ತು, ಇನ್ನೊಂದು ಅದರ ಕೆಳಗೆ ಅಡ್ಡ ಬರುತ್ತಿತ್ತು. ಅವಳು ಮೊಣಕೈ ಎಳೆದುಕೊಂಡಳು. ಖಾಕಿ ಬಟ್ಟೆ ಕತ್ತಿನ ಎರಡೂ ಪಕ್ಕ ಕಚ್ಚಿತು. ನಾನು ನೆಲ ತಟ್ಟಿದೆ.

"ಗೆದ್ದೆ, ಸರಿ ಕಣಮ್ಮಿ. ಸಾಕು ಜಂಬ. ಏಳು ಅಂದ್ರೆ ಏಳ್ಬೇಕು," ಎಂದ ಅಪ್ಪ.

ಮತ್ತೆ ತಟ್ಟಿದೆ.

"ಎಷ್ಟ್ ಸಲ ಗೆಲ್ತೀಯೇ?"

"ಅಯ್ಯೋ, ಮೊಕ ಕೆಂಪಗಾಯ್ತಾ ಅದೆ ನೋಡ್ರಿ!" ಎಂದಳು ಅವ್ವ.

ಅಕ್ಕ ಬಿಟ್ಟಳು. ನಾನು ಪಕ್ಕಕ್ಕೆ ಉರುಳಿ ಕೆಮ್ಮಿದೆ. ಅವಳು ಸೊಂಟ ಸರಿಸಿ, ಒಂದು ಕೈ ಊರಿ, ಕ್ಯಾಸೆಟ್ಟಿನವನ ಹಾಗೆಯೇ ಎದ್ದು ನಿಂತಳು.

"ಇದು ಮೋಸ," ಎಂದ ಅಪ್ಪ. "ಚಿತ್ ಆದ್ಮೇಲೆ ಆಟ ಇಲ್ಲ. ಚಿತ್ ಅಂದ್ರೆ ಮೇಲಿರೋನು ಬುಟ್ಟುಬುಡ್ಬೇಕು, ಕೆಳಗಿರೋನು ಒಪ್ಕೋಬೇಕು."

"ಬೆನ್ನು ನೆಲಕ್ಕೆ ಬಿತ್ತು ಅಂತ ಬುಟ್ಟು ಎದ್ದೋಗಕ್ಕೆ ಅವ್ನೇನು ಗರಡಿಯೋನಾ ಅಪ್ಪ?" ಎಂದಳು ಅಕ್ಕ. "ಅವನಿಗೆ ಆಟ ಶುರುವಾಗೋದೇ ಅಲ್ಲಿಂದ."

ಅಪ್ಪ ಜಮಖಾನದ ಮಡಿಕೆಯನ್ನು ಕಾಲಿನಿಂದ ನೇರ ಮಾಡಿದ. "ಗರಡೀಲಿ ಇದು ಸೋಲೇ," ಎಂದ. "ಅದನ್ನ ಮಾತ್ರ ಮರೀಬ್ಯಾಡ." ಆಮೇಲೆ, "ನಾಳೆ ಬಸ್ಸಿಗೆ ಒತ್ತಾರೆ ಎದ್ದೇಳು," ಎಂದು ಎದ್ದುಹೋದ.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅಕ್ಕ ಬಿಡಲಿಲ್ಲ. ಸಂಜೆ ಮತ್ತೆ ಕೋಟು ತೊಡಿಸಿ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು.

"ನಿಜ ಹೇಳು. ನನಗೋಸ್ಕರ ತಟ್ದೆ ತಾನೆ?"

"ಇಲ್ಲ."

"ಆಣೆ ಇಡು."

ಇಟ್ಟೆ. ಅವಳು ನಂಬಲಿಲ್ಲ. ಅವಳಿಗೆ ಅಪ್ಪನ ಒಪ್ಪಿಗೆ ಸಿಕ್ಕಿತ್ತು, ಅದು ನಿಜವಾದದ್ದೋ ನಾನು ಕೊಡಿಸಿದ್ದೋ ಗೊತ್ತಾಗದೆ ಮಾರನೆಯ ದಿನ ಆ ಬೀದಿಯಲ್ಲಿ ನಡೆಯುವುದು ಹೇಗೆ? ಎಲೆ ಉದುರಿ ಬಿದ್ದಿದ್ದ ನುಗ್ಗೆಮರದ ಬುಡದಲ್ಲೇ ಮಲಗಿದಳು. "ಈಗ ಬಾ. ತಟ್ಟಬ್ಯಾಡ."

ತಟ್ಟಬಾರದೆಂದು ಬಲಗೈಯನ್ನು ನನ್ನದೇ ಹೊಟ್ಟೆಯ ಕೆಳಗೆ ಸಿಕ್ಕಿಸಿಕೊಂಡೆ. ಕಾಲರ್ ಬಿಗಿಯಿತು. ನೆಲದ ಮೇಲಿನ ನುಗ್ಗೆಯ ಎಲೆಗಳು ಮೊದಲು ಹಸಿರಾಗಿದ್ದವು, ಆಮೇಲೆ ಬೂದಿಯಾದವು. ಮಣ್ಣಿನ ಮೇಲೆ ತಟ್ಟುವ ಸದ್ದು ಕೇಳಿಸಿತು. ಅದು ನನ್ನ ಎಡಗೈ ಎಂದು ಅಕ್ಕ ಹೇಳುತ್ತಾಳೆ. ನನಗೆ ಅದರ ನೆನಪಿಲ್ಲ, ಸದ್ದಿನದು ಮಾತ್ರ ಇದೆ. ಈ ಇಡೀ ಬರಹದಲ್ಲಿ ನಾನು ಅನುಮಾನಿಸದಿರುವುದು ಆ ಒಂದು ಸದ್ದನ್ನು.

ಸೋಮವಾರ ಅವಳು ಬಸ್ಸು ಹತ್ತಿದಳು. ಅವನು ಮತ್ತೆ ಕಾಣಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಕಾಣಿಸಿದ. ಸಂಜೆಯ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲೇ ಕೂತ. ಅಕ್ಕ ತಿರುಗಿ, ಮುಖವನ್ನಲ್ಲ, ಅವನ ಕಾಲರನ್ನು ನೋಡುತ್ತ ತೆರಕಣಾಂಬಿಯ ತನಕ ಕೂತಳಂತೆ, ಅವನು ಅಲ್ಲೇ ಇಳಿದನಂತೆ. 'ಅಂತೆ' ಎಂದೇ ಬರೆಯುತ್ತೇನೆ, ನಾನು ಆ ಬಸ್ಸಿನಲ್ಲಿರಲಿಲ್ಲ. ಅವನ ಊರೇ ತೆರಕಣಾಂಬಿಯಿರಬಹುದು. ಅವತ್ತು ಅವನಿಗೆ ಅಲ್ಲಿ ಬೇರೆ ಕೆಲಸವಿದ್ದಿರಬಹುದು. ನನಗೆ ಕಂಡದ್ದು ಇಷ್ಟು: ಮಂಗಳವಾರ ಬೆಳಿಗ್ಗೆ ಅಕ್ಕ ಮತ್ತೆ ಚಪ್ಪಲಿ ಮೆಟ್ಟಿದಳು, ಮೂರನೆಯ ಕ್ಯಾಸೆಟ್ಟನ್ನು ವಾಪಸ್ಸು ಕೊಡಲೆಂದು ಚೀಲದಲ್ಲಿ ಹಾಕಿಕೊಂಡಳು, ಬಾಗಿಲಲ್ಲಿ ನಿಂತು ಯೋಚಿಸಿ ಹೊರಗೆ ತೆಗೆದು ಟಿವಿಯ ಮೇಲಿಟ್ಟು ಹೋದಳು.