ಖಾಲಿಯಾಗಿ ಬಂದ ತಾಟು

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ಇಳಕಲ್ಲಿನ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳಾಗಿ ಸೇರಿದೆ. ಓದಿದ್ದು ಏಳನೆಯ ತರಗತಿ. ಮಕ್ಕಳು ತಾಟು ಬಳಿದು ಉಂಡರೆ ಆ ದಿನದ ಕೆಲಸ ಸಾರ್ಥಕ ಎಂದುಕೊಳ್ಳುವವಳು.

ನಮ್ಮ ಮನೆಯಲ್ಲೇ ಇದ್ದ ತಂಗಿ ಸವಿತಾಳ ಮಗಳು ಭೂಮಿಕಾ ಅದೇ ಶಾಲೆಯ ಮೂರನೆಯ ತರಗತಿಯಲ್ಲಿದ್ದಳು. ಕುಳಿತಲ್ಲಿ ಕೂರಲಾರಳು, ಮಾತು ಮುಗಿಯುವ ಮೊದಲೇ ಎದ್ದು ಓಡುವಳು. ಬಾಗಲಕೋಟೆ ನವನಗರದ ಡಾಕ್ಟರು ಪರೀಕ್ಷಿಸಿ, ಇದು ಹಟವಲ್ಲ, ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ ಎಂದರು. ಬೆಳಿಗ್ಗೆಗೆ ಒಂದು ಗುಳಿಗೆ ಬರೆದುಕೊಟ್ಟರು.

"ಇದು ಹಸಿವು ಕಡಿಮಿ ಮಾಡ್ತದ. ಮೊದ್ಲ ಹೊಟ್ಟಿತುಂಬ ನಾಷ್ಟಾ, ಆಮ್ಯಾಲೆ ಗುಳಿಗಿ. ಮಧ್ಯಾಹ್ನ ಉಣ್ಣಲಿಲ್ಲಂದ್ರ ಒತ್ತಾಯ ಬ್ಯಾಡ. ಸಂಜಿಗೆ ಹಸಿವಾದಾಗ ತತ್ತಿ, ಹಾಲು, ಶೇಂಗಾ, ರೊಟ್ಟಿ ಪಲ್ಯ ಚೊಲೋತ್ನಂಗ ತಿನ್ನಸ್ರಿ."

ಸವಿತಾ ಹುನಗುಂದದ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ನಸುಕಿನ ಬಸ್ಸಿಗೆ ಹೋಗುತ್ತಿದ್ದುದರಿಂದ ಗುಳಿಗೆ ಕೊಡುವ ಹೊಣೆ ನನ್ನದಾಯಿತು. ಶಾಲೆಯ ಒಲೆ ಹಚ್ಚುವ ಅವಸರದಲ್ಲಿ ಚಹಾ, ಅದರಲ್ಲಿ ಅದ್ದಿದ ಖಾರಿ ಬಿಸ್ಕೀಟು, ಮೇಲೆ ಗುಳಿಗೆ. ನಮ್ಮ ಮನೆಯಲ್ಲಿ ನಾಷ್ಟಾ ಎಂದರೆ ಅಷ್ಟೇ. ಮಧ್ಯಾಹ್ನ ಅವಳ ತಾಟು ಬಡಿಸಿದ ಹಾಗೇ ಮರಳುತ್ತಿತ್ತು. ಹುಡುಗಿಯ ಮೈ ಇಳಿಯಿತು. ಜೊತೆಯ ಅಡುಗೆಯವಳು ಶಾಂತವ್ವ ನಕ್ಕಳು: "ಊರ ಮಕ್ಕಳೆಲ್ಲಾ ಬಳ್ಕೊಂಡು ಉಣ್ತಾವ. ನಿಮ್ಮ ಹುಡುಗಿಗಿ ಮಾತ್ರ ದೊಡ್ಡವ್ವನ ಕೈರುಚಿ ಸೇರವಲ್ದು ನೋಡವಾ!"

ಅದು ನನ್ನನ್ನು ಚುಚ್ಚಿತು. ಮರುದಿನದಿಂದ ಗುಳಿಗೆಯನ್ನು ಒಲೆಗೆ ಹಾಕತೊಡಗಿದೆ. ಅವ್ವನಿಗೆ ಹೇಳಬೇಡ ಎಂದು ಹುಡುಗಿಗೂ ಕಿವಿಮಾತು ಹೇಳಿದೆ. ಭೂಮಿಕಾ ಕೇಳಿ ಕೇಳಿ ಬಡಿಸಿಕೊಂಡಳು. ನಾನು ಹಿಗ್ಗಿದೆ.

ಆದರೆ ತರಗತಿಯಿಂದ ದೂರಿನ ಮೇಲೆ ದೂರು ಬಂತು. ಒಂದು ಸಂಜೆ ಸವಿತಾ ಮಗಳ ಕೆನ್ನೆಗೆ ಹೊಡೆದಳು. "ಗುಳಿಗಿ ನುಂಗಿನೂ ಹಿಂಗ ಮಾಡ್ತಿಯಲ್ಲಾ!" ನಾನು ಪಕ್ಕದಲ್ಲೇ ಕುಳಿತು ಶೇಂಗಾ ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ.

ಮುಂದಿನ ತಪಾಸಣೆಗೆ ಮೂವರೂ ಹೋದೆವು. "ದಿನಾ ಕೊಡ್ತೀರಿಲ್ಲೋ?" ಎಂದರು ಡಾಕ್ಟರು. "ಕೊಡ್ತೇನ್ರಿ" ಎಂದೆ. ಗುಣ ಕಾಣದ್ದರಿಂದ ಅವರು ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಹೊರಗೆ ಬಂದು ಸವಿತಾ ಹೇಳಿದಳು: "ನಾಳಿಯಿಂದ ನಾನ ಎಬ್ಬಿಸಿ ಕೊಟ್ಟ ಹೋಗ್ತೇನಿ ಯಕ್ಕಾ."

ಬಸ್ಸಿನಲ್ಲಿ ಭೂಮಿಕಾ ನನ್ನ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಹೊಸ ಪೊಟ್ಟಣ ಸವಿತಾಳ ಚೀಲದಲ್ಲಿತ್ತು. ಹಳೆಯ ಗುಳಿಗೆಯೇ ಹೊಟ್ಟೆಗೆ ಬೀಳದ ಮಗುವಿಗೆ ನಾಳೆ ಒಮ್ಮೆಲೇ ಹೆಚ್ಚಿನದು. ಏನಾದರೂ ಆದರೆ? ಅಮೀನಗಡ ದಾಟಿತು. ಹುನಗುಂದದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಹೇಳಿಬಿಟ್ಟೆ.

ಸವಿತಾ ನನ್ನನ್ನೇ ನೋಡಿದಳು. "ನಿನ್ನ ತಾಟು ಖಾಲಿ ಆಗ್ಲೆಂತ ನನ್ನ ಕೈಲೆ ಕೂಸಿಗಿ ಹೊಡಿಸಿದ್ಯಾ?"

ಅಲ್ಲೇ ಇಳಿದು ಮರಳಿ ನವನಗರಕ್ಕೆ ಹೋದೆವು. ಡಾಕ್ಟರು ಹೊಸ ಗುಳಿಗೆ ರದ್ದು ಮಾಡಿ ಹಳೆಯದನ್ನೇ ಬರೆದರು. "ತಪ್ಪಿಸಿದ್ದಕ್ಕಿಂತ ಮುಚ್ಚಿಟ್ಟಿದ್ದು ದೊಡ್ಡ ತಪ್ಪವಾ. ನೀವು ಹೇಳಿದ್ದ ನಂಬೇ ನಾ ಔಷಧ ಬರೀಬೇಕಲ್ಲ."

ಈಗ ಸವಿತಾ ನಸುಕಿನಲ್ಲೇ ಮಗಳಿಗೆ ಉಪ್ಪಿಟ್ಟು, ತತ್ತಿ ತಿನ್ನಿಸಿ ಗುಳಿಗೆ ಕೊಟ್ಟು ಹೋಗುತ್ತಾಳೆ. ಸಂಜೆ ಹಸಿದು ಬಂದವಳಿಗೆ ನಾನು ಬಿಸಿ ರೊಟ್ಟಿ ಹಾಕುತ್ತೇನೆ. ಮೈ ಮೆಲ್ಲಗೆ ತುಂಬುತ್ತಿದೆ. ಉಣಿಸುವವಳು ಮಗುವಿನ ಹಸಿವಿಗೆ ಬಡಿಸಬೇಕು, ತನ್ನ ಹೆಸರಿಗಲ್ಲ. ಇಷ್ಟು ಕಲಿಯಲು ನನಗೆ ಆ ಬಸ್ಸಿನ ದಾರಿ ಬೇಕಾಯಿತು. ಮಧ್ಯಾಹ್ನ ಭೂಮಿಕಾಳ ತಾಟಿನಲ್ಲಿ ಇಂದಿಗೂ ಅನ್ನ ಉಳಿಯುತ್ತದೆ. ಏನೂ ಅನ್ನದೆ ತೊಳೆದಿಡುತ್ತೇನೆ. ಗುಳಿಗೆಯ ಪೊಟ್ಟಣವನ್ನು ಸವಿತಾ ಮತ್ತೆ ನನ್ನ ಕೈಗೆ ಕೊಟ್ಟಿಲ್ಲ. ನಾನೂ ಕೇಳಿಲ್ಲ.